ಮಂಡಿ ಬದಲಾವಣೆಯಾದ ಮೇಲೆ ದೂರದ ನಡಿಗೆ

ಬೇಸಾಯಗಾರನ ಬದುಕೆಂದರೆ ನಡಿಗೆಯ ಬದುಕು. ನಾಟಿ ನೇಗಿಲಿನಿಂದ ಒಂದು ಎಕರೆಯನ್ನು ಒಂದು ಸಲ ಉಳಬೇಕಾದರೆ, ಸಾಲಿನಿಂದ ಸಾಲಿಗೆ 20 ಸೆಂಟಿಮೀಟರು ಎಂದು ಲೆಕ್ಕ ಹಿಡಿದರೂ, ನೇಗಿಲ ಹಿಂದೆ ಸುಮಾರು 20 ಕಿಲೋಮೀಟರು ನಡೆಯಬೇಕಾಗುತ್ತದೆ. ಟ್ರ್ಯಾಕ್ಟರು, ಟಿಲ್ಲರುಗಳು ಬಂದ ಮೇಲೆ ಈ ನಡಿಗೆ ಕಡಿಮೆಯಾಗಿದೆ. ಆದರೂ ಹೊಲಕ್ಕೆ, ಸಂತೆಗೆ, ಹಾಲಿನ ಡೇರಿಗೆ, ವರ್ಷಕ್ಕೊಮ್ಮೆ ಬೆಟ್ಟಕ್ಕೆ ನಡೆಯುವುದು ತಪ್ಪಿಲ್ಲ. ಹೀಗಿರುವಾಗ ಮಂಡಿ ಸವೆದು ಕಾಲು ಕಟ್ಟಿಹಾಕಿದಂತಾದರೆ ರೈತನಿಗೆ ಅರ್ಧ ಬದುಕೇ ನಿಂತಂತೆ.

ಮಂಡಿಯ ಕೀಲು ಪೂರ್ತಿ ಸವೆದವರಿಗೆ ಕೃತಕ ಕೀಲು ಅಳವಡಿಸುವ ಶಸ್ತ್ರಚಿಕಿತ್ಸೆ ಈಗ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. 2000 ಮತ್ತು 2001ರಲ್ಲಿ ಆಗಿನ ಪ್ರಧಾನಿ ಅಟಲ ಬಿಹಾರಿ ವಾಜಪೇಯಿಯವರ ಎರಡು ಮಂಡಿಗಳಿಗೂ ಈ ಚಿಕಿತ್ಸೆಯಾದಾಗ ನಮ್ಮ ಹಳ್ಳಿಗಳಲ್ಲಿ ಅನೇಕರು ಮೊದಲ ಬಾರಿಗೆ ಇದರ ಹೆಸರು ಕೇಳಿದರು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಇಂದು ಪ್ರತಿ ಹೋಬಳಿಯಲ್ಲೂ ಹೊಸ ಮಂಡಿಯವರು ಕೆಲವರಾದರೂ ಸಿಗುತ್ತಾರೆ. ಶಸ್ತ್ರಚಿಕಿತ್ಸೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಮನೆಗೆ ಬಂದ ಮೇಲೆ ಎಷ್ಟು ನಡೆಯಬೇಕು, ಹೇಗೆ ಹೆಚ್ಚಿಸಬೇಕು ಎಂಬುದನ್ನು ಬಿಡಿಸಿ ಹೇಳುವವರು ಮಾತ್ರ ವಿರಳ.

ಈ ಲೇಖನ ಬರೆಯಲು ಕಾರಣ ನನ್ನ ಅಣ್ಣ. ಮಂಡ್ಯ ಜಿಲ್ಲೆಯಲ್ಲಿ ಕಬ್ಬು, ರಾಗಿ ಬೆಳೆಯುವ ಸಾಮಾನ್ಯ ರೈತರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪ್ರತಿ ಶಿವರಾತ್ರಿಗೆ ಊರಿನ ಗುಂಪಿನೊಡನೆ ಮಲೆಮಹದೇಶ್ವರ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಹೋಗಿಬಂದವರು. ಅರವತ್ತಮೂರನೆಯ ವಯಸ್ಸಿನಲ್ಲಿ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಿಂದ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ‘ನಡೆಯಿರಿ, ವ್ಯಾಯಾಮ ಮಾಡಿ’ ಎಂಬ ಎರಡು ಮಾತು ಮಾತ್ರ ಇತ್ತು. ಊರಿನಲ್ಲಿ ಕೆಲವರು “ಒಳಗೆ ಕಬ್ಬಿಣ ಇಟ್ಟವ್ರೆ, ಅಲ್ಲಾಡ್ಬೇಡ” ಎಂದರು. ಇನ್ನು ಕೆಲವರು “ಹೊಸ ಮಂಡಿ ಅಲ್ವಾ, ಇನ್ನೇನು ಭಯ” ಎಂದರು. ಅಣ್ಣ ಮೂರು ತಿಂಗಳು ಮೊದಲನೆಯವರ ಮಾತು ಕೇಳಿದರು. ನಾಲ್ಕನೆಯ ತಿಂಗಳಲ್ಲಿ ಎರಡನೆಯವರ ಮಾತು ಕೇಳಿ ಒಂದೇ ದಿನ ಆರು ಕಿಲೋಮೀಟರು ನಡೆದು ಸಂತೆಗೆ ಹೋದರು. ರಾತ್ರಿಯ ಹೊತ್ತಿಗೆ ಮಂಡಿ ಸೋರೆಬುರುಡೆಯಂತೆ ಊದಿತು. ಆಮೇಲೆ ಹೆದರಿ ಇಪ್ಪತ್ತು ದಿನ ಜಗಲಿ ಬಿಟ್ಟು ಇಳಿಯಲಿಲ್ಲ.

ನಾನು ಹೋಗಿ ನೋಡಿದಾಗ ಅವರು ಕೇಳಿದ್ದು ಒಂದೇ ಮಾತು: “ಬೆಟ್ಟಕ್ಕೆ ನಡ್ಕೊಂಡು ಹೋಗಕ್ಕಾಯ್ತದೋ ಇಲ್ವೋ, ಅದೊಂದ ಹೇಳಪ್ಪ.”

ನಾನು ವೈದ್ಯನಲ್ಲ. ಆದ್ದರಿಂದ ಮೂಳೆ ತಜ್ಞರನ್ನೂ ವ್ಯಾಯಾಮ ಚಿಕಿತ್ಸೆಯವರನ್ನೂ ಕೇಳಿ ತಿಳಿದುಕೊಂಡದ್ದನ್ನು, ಅಣ್ಣನ ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಮೇಲು.

ಒಳಗೆ ಏನಿದೆ?

ಮಂಡಿಯಲ್ಲಿ ತೊಡೆಯ ಮೂಳೆಯ ತುದಿ, ಮೊಣಕಾಲ ಕೆಳಗಿನ ಮೂಳೆಯ ತಲೆ ಮತ್ತು ಮುಂದಿನ ಚಿಪ್ಪು ಒಂದನ್ನೊಂದು ಮುಟ್ಟುವ ಜಾಗದಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಇದು ಸವೆದಾಗ ಮೂಳೆಗೆ ಮೂಳೆ ಉಜ್ಜಿ ನೋವು, ಊತ ಬರುತ್ತವೆ, ಕಾಲು ಬಿಲ್ಲಿನಂತೆ ಬಾಗುತ್ತದೆ. ನಡೆದದ್ದರಿಂದಲೇ ಮಂಡಿ ಸವೆಯಿತು ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು, ವಂಶದ ಗುಣ, ವರ್ಷಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತು ಮಾಡಿದ ಕೆಲಸ, ಹೊತ್ತ ಮೂಟೆ ಇವೆಲ್ಲ ಸೇರಿ ಸವೆತವಾಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಇಡೀ ಮಂಡಿಯನ್ನು ಕತ್ತರಿಸಿ ತೆಗೆಯುತ್ತಾರೆಂಬುದು ತಪ್ಪು ತಿಳಿವಳಿಕೆ. ಗಾಡಿಯ ಚಕ್ರಕ್ಕೆ ಹೊಸ ಪಟ್ಟಿ ಕಟ್ಟುವಂತೆ, ಸವೆದ ತುದಿಗಳನ್ನು ಒಂದು ಸೆಂಟಿಮೀಟರಿನಷ್ಟು ಹೆರೆದು, ಮೇಲಿನ ಮೂಳೆಗೆ ಲೋಹದ ಹೊದಿಕೆಯನ್ನೂ ಕೆಳಗಿನದಕ್ಕೆ ಲೋಹದ ತಟ್ಟೆಯನ್ನೂ ಕೂರಿಸುತ್ತಾರೆ. ಸಾಮಾನ್ಯವಾಗಿ ಇದು ಕೋಬಾಲ್ಟ್-ಕ್ರೋಮಿಯಂ ಅಥವಾ ಟೈಟಾನಿಯಂ ಮಿಶ್ರಲೋಹ. ಎರಡರ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇರುತ್ತದೆ. ಕಾಲಕ್ರಮದಲ್ಲಿ ಸವೆಯುವುದು ಮುಖ್ಯವಾಗಿ ಈ ಬಿಲ್ಲೆ. ಹಾಗೆಂದು ಹೆಜ್ಜೆ ಎಣಿಸಿ ಜಿಪುಣತನ ಮಾಡಬೇಕಾಗಿಲ್ಲ. ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹತ್ತರಲ್ಲಿ ಎಂಟು ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ಮಟ್ಟಸ ನೆಲದ ನಡಿಗೆ ಹೊಸ ಮಂಡಿಗೆ ಹೊಂದುವ ಕೆಲಸ. ಓಡುವುದು, ಹಾರುವುದು, ಟ್ರ್ಯಾಕ್ಟರಿನ ಮೇಲಿಂದ ಧುಮುಕುವುದು ಹೊಂದುವುದಿಲ್ಲ.

ಸೋತಿರುವುದು ತೊಡೆ

ಕೀಲು ಹೊಸದಾದರೂ ಅದನ್ನು ಎಳೆಯುವ ತೊಡೆ ಹಳೆಯದೇ. ನೋವಿಗೆ ಹೆದರಿ ವರ್ಷಗಳಿಂದ ಸರಿಯಾಗಿ ಬಳಸದ ಕಾರಣ ತೊಡೆಯ ಮುಂಭಾಗದ ಮಾಂಸಖಂಡ ಮೊದಲೇ ಬಡವಾಗಿರುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ಅದರ ಶಕ್ತಿ ಇದ್ದದ್ದರಲ್ಲಿಯೂ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಬಡಕಲು ಎತ್ತಿಗೆ ಹೊಸ ಗಾಡಿ ಕಟ್ಟಿದಂತೆ. ಅಣ್ಣನಿಗೆ ಆದದ್ದೂ ಇದೇ. ಸಂತೆಗೆ ನಡೆದದ್ದರಿಂದ ಮಂಡಿಗೆ ಶಾಶ್ವತ ಕೇಡೇನೂ ಆಗಿರಲಿಲ್ಲ. ಅದಕ್ಕಿಂತ ಹೆಚ್ಚು ನಷ್ಟವಾದದ್ದು ಆಮೇಲಿನ ಇಪ್ಪತ್ತು ದಿನ ಜಗಲಿಯ ಮೇಲೆ ಕುಳಿತಿದ್ದರಿಂದ.

ತೊಡೆಗೆ ಬಲ ಕೊಡುವ ವ್ಯಾಯಾಮಕ್ಕೆ ಯಾವ ಸಲಕರಣೆಯೂ ಬೇಡ. ಚಾಪೆಯ ಮೇಲೆ ಕಾಲು ಚಾಚಿ, ಹಿಮ್ಮಡಿಯ ಕೆಳಗೆ ಟವಲಿನ ಸುರುಳಿ ಇಟ್ಟು, ಮಂಡಿಯನ್ನು ನೆಲಕ್ಕೆ ಒತ್ತಿ ಐದು ಎಣಿಸುವವರೆಗೆ ಬಿಗಿ ಹಿಡಿದು ಬಿಡುವುದು ಒಂದು. ಕಾಲನ್ನು ನೆಟ್ಟಗಿಟ್ಟುಕೊಂಡೇ ಒಂದು ಅಡಿ ಎತ್ತಿ ನಿಧಾನವಾಗಿ ಇಳಿಸುವುದು ಇನ್ನೊಂದು. ಕುರ್ಚಿಯಲ್ಲಿ ಕುಳಿತು ಮುಂಗಾಲನ್ನು ನೇರವಾಗುವವರೆಗೆ ಎತ್ತುವುದು ಮತ್ತೊಂದು. ಒಂದೊಂದನ್ನೂ ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಮಾಡಬೇಕು. ಮೂರು ತಿಂಗಳಾಯಿತೆಂದು ಬಿಡಬಾರದು. ವರ್ಷವಿಡೀ ಮಾಡಿದವರೇ ದೂರ ನಡೆಯುತ್ತಾರೆ.

ಮಂಡಿ ಮಡಿಸುವುದರ ಬಗ್ಗೆ ಎಲ್ಲರಿಗೂ ಚಿಂತೆ. ನೆಟ್ಟಗಾಗುವುದರ ಬಗ್ಗೆ ಯಾರಿಗೂ ಇಲ್ಲ. ಮಟ್ಟಸ ನೆಲದಲ್ಲಿ ನಡೆಯಲು ಮಂಡಿ ಸುಮಾರು 70 ಡಿಗ್ರಿ ಮಡಿಸಿದರೆ ಸಾಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳುವುದಕ್ಕೆ 90 ಡಿಗ್ರಿ, ಅಂದರೆ ಮೂಲೆಮಟ್ಟದಷ್ಟು, ಅಥವಾ ಸ್ವಲ್ಪ ಹೆಚ್ಚು ಬೇಕು. ಆದರೆ ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಪ್ರತಿ ಹೆಜ್ಜೆಯಲ್ಲೂ ತೊಡೆ ಬಿಗಿಹಿಡಿದೇ ಇರಬೇಕಾಗಿ, ಒಂದು ಕಿಲೋಮೀಟರಿಗೇ ಸೋತುಹೋಗುತ್ತದೆ. ಆದ್ದರಿಂದ ಮಲಗುವಾಗ ಸುಖವಾಗಿದೆಯೆಂದು ಮಂಡಿಯ ಕೆಳಗೆ ದಿಂಬು ಇಡಕೂಡದು. ಇಡುವುದಾದರೆ ಹಿಮ್ಮಡಿಯ ಕೆಳಗೆ ಇಡಬೇಕು. ನಮ್ಮ ಅತ್ತಿಗೆ ಪ್ರೀತಿಯಿಂದ ಎರಡು ತಿಂಗಳು ಮಂಡಿಯ ಕೆಳಗೇ ದಿಂಬು ಇಟ್ಟಿದ್ದರು. ಅದನ್ನು ಸರಿಪಡಿಸಲು ಮತ್ತೆರಡು ತಿಂಗಳು ಹಿಡಿಯಿತು.

ಕೋಲು ಯಾವ ಕೈಯಲ್ಲಿ?

ಬಲ ಮಂಡಿಗೆ ಚಿಕಿತ್ಸೆಯಾಗಿದ್ದರೆ ಕೋಲು ಎಡಗೈಯಲ್ಲಿರಬೇಕು. ಹೇಳಿದರೆ ಯಾರೂ ನಂಬುವುದಿಲ್ಲ, ನೋವಿರುವ ಕಡೆಯೇ ಊರಬೇಕಲ್ಲವೇ ಎನ್ನುತ್ತಾರೆ. ನಡೆಯುವಾಗ ಬಲಗಾಲಿನೊಡನೆ ಎಡಗೈ ಮುಂದೆ ಬರುವುದು ಮನುಷ್ಯನ ಸಹಜ ನಡಿಗೆ. ಕೋಲು ಎದುರು ಕೈಯಲ್ಲಿದ್ದರೆ ಭಾರ ಎರಡೂ ಕಡೆಗೆ ಹಂಚುತ್ತದೆ. ಅದೇ ಕೈಯಲ್ಲಿದ್ದರೆ ಮೈ ವಾಲಿ ಕುಂಟು ಹೆಚ್ಚಾಗುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಚಿಕಿತ್ಸೆಯಾದ ಕಾಲು ಮೊದಲು.

ಹಳೆಯ ಕುಂಟು ಅಭ್ಯಾಸವಾಗಿ ಉಳಿದುಬಿಡುವುದೂ ಉಂಟು. ಕಾಲು ನೆಟ್ಟಗಾಗಿದ್ದರೂ ಮನುಷ್ಯ ವಾಲಿಯೇ ನಡೆಯುತ್ತಾನೆ. ಹಿಮ್ಮಡಿ ಮೊದಲು ಊರಿ, ಎರಡೂ ಹೆಜ್ಜೆ ಒಂದೇ ಅಳತೆಯಲ್ಲಿ ಬೀಳುತ್ತಿದೆಯೇ ಎಂದು ಮನೆಯವರು ಹಿಂದಿನಿಂದ ನೋಡಿ ಹೇಳಬೇಕು. ಹೆಜ್ಜೆಯ ಸದ್ದನ್ನು ಕೇಳಿಸಿಕೊಂಡರೂ ಗೊತ್ತಾಗುತ್ತದೆ.

ನಡಿಗೆಯ ಅಳತೆ

ಈಗಿನ ಪದ್ಧತಿಯಲ್ಲಿ ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮಾರನೆಯ ದಿನ ವಾಕರಿನ ಆಧಾರದಿಂದ ನಿಲ್ಲಿಸಿ ನಡೆಸುತ್ತಾರೆ. ಮೊದಲ ಎರಡು ವಾರ ಮನೆಯೊಳಗೆ, ಅಂಗಳದಲ್ಲಿ ಐದೈದು ನಿಮಿಷದಂತೆ ದಿನಕ್ಕೆ ಐದಾರು ಸಲ ನಡೆದರೆ ಸಾಕು. ಒಂದೇ ಸಲ ಅರ್ಧ ಗಂಟೆ ನಡೆಯುವುದಕ್ಕಿಂತ ಇದು ಮೇಲು. ಮೂರರಿಂದ ಆರು ವಾರಗಳ ನಡುವೆ ಹೆಚ್ಚಿನವರು ವಾಕರು ಬಿಟ್ಟು ಕೋಲು ಹಿಡಿಯುತ್ತಾರೆ. ಆರು ವಾರದ ಸುಮಾರಿಗೆ ಅರ್ಧದಿಂದ ಒಂದು ಕಿಲೋಮೀಟರು, ಮೂರು ತಿಂಗಳಿಗೆ ಎರಡು, ಆರು ತಿಂಗಳಿಗೆ ನಾಲ್ಕೈದು ಕಿಲೋಮೀಟರು ಎಂದಿಟ್ಟುಕೊಳ್ಳಬಹುದು. ಇದು ಸಾಧಾರಣ ಲೆಕ್ಕ. ಸಕ್ಕರೆ ಕಾಯಿಲೆಯವರು, ಇನ್ನೊಂದು ಮಂಡಿಯೂ ಸವೆದಿರುವವರು ನಿಧಾನವಾದರೆ ಬೇಸರಪಡಬೇಕಾಗಿಲ್ಲ.

ದೂರ ಅಳೆಯಲು ನಮ್ಮ ರೈತರಿಗೆ ಗಡಿಯಾರವೂ ಬೇಡ, ಫೋನೂ ಬೇಡ. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 255 ಮೀಟರು. ನಾಲ್ಕು ಸುತ್ತು ಬಂದರೆ ಒಂದು ಕಿಲೋಮೀಟರು ಆಯಿತು. ಆದರೆ ಮೊದಲ ಮೂರು ತಿಂಗಳು ಬದುವಿನ ಮೇಲೆ ನಡೆಯಬಾರದು. ಬದು ಎಲ್ಲಿ ಜಾರುತ್ತದೆ, ಎಲ್ಲಿ ಹೆಗ್ಗಣದ ಬಿಲವಿದೆ ಎಂದು ಹೇಳಲಾಗದು. ಕಣದಲ್ಲೋ ಊರ ರಸ್ತೆಯಲ್ಲೋ ನಡೆಯುವುದು ಒಳ್ಳೆಯದು. ಹೆದ್ದಾರಿಯ ಪಕ್ಕದ ಊರಾದರೆ ಎರಡು ಕಿಲೋಮೀಟರು ಕಲ್ಲುಗಳ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ನೆಟ್ಟಿರುವುದನ್ನು ಗಮನಿಸಿರಬಹುದು. ಅಣ್ಣ ವಾರಕ್ಕೊಂದು ಕಲ್ಲಿನಂತೆ ಮುಂದೆ ಹೋದರು.

ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂಬುದನ್ನು ತೀರ್ಮಾನಿಸುವುದು ಮಾರನೆಯ ಬೆಳಗು. ನಡೆದ ದಿನ ಸಂಜೆ ಸ್ವಲ್ಪ ಊದಿ ಬಿಸಿಯಾಗುವುದು ಸಹಜ. ಊತ ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷ ಹಿಡಿಯುತ್ತದೆ. ಆದರೆ ರಾತ್ರಿ ಮಲಗಿ ಎದ್ದ ಮೇಲೂ ಊತ, ನೋವು ಹಿಂದಿನ ಬೆಳಗಿಗಿಂತ ಹೆಚ್ಚಿದ್ದರೆ ನಡಿಗೆ ಅತಿಯಾಯಿತೆಂದು ಅರ್ಥ. ಅಂದಿನ ನಡಿಗೆಯನ್ನು ಅರ್ಧಕ್ಕೆ ಇಳಿಸಬೇಕು. ಪೂರ್ತಿ ನಿಲ್ಲಿಸಬಾರದು. ಹಾಗೆಯೇ ಇದ್ದರೆ ವಾರದ ಕೊನೆಗೆ ಸ್ವಲ್ಪ ಏರಿಸಬಹುದು. ಕಣ್ಣಳತೆ ನಂಬಬೇಡಿ. ಒಂದು ದಾರವನ್ನು ಪ್ರತಿ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಮಂಡಿಯ ನಡುಮಧ್ಯಕ್ಕೆ ಸುತ್ತಿ, ಸೇರುವ ಕಡೆ ಗಂಟು ಹಾಕಿಡಿ. ಮಾರನೆಯ ದಿನ ಗಂಟು ಮುಟ್ಟುತ್ತದೋ ಇಲ್ಲವೋ ನೋಡಿದರೆ ಲೆಕ್ಕ ಸಿಕ್ಕಿಹೋಯಿತು. ಅಣ್ಣನ ದಾರ ಇಂದಿಗೂ ದೇವರ ಗೂಡಿನ ಮೊಳೆಗೆ ನೇತಾಡುತ್ತಿದೆ.

ಊತಕ್ಕೆ ಕಾಲನ್ನು ಎದೆಮಟ್ಟಕ್ಕಿಂತ ಮೇಲೆ ಇಟ್ಟು ಮಲಗಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕಾಲು ಗಂಟೆ ಇಡಬಹುದು. ಮೊದಲ ವಾರಗಳಲ್ಲಿ ಬಿಸಿ ಶಾಖ ಕೊಟ್ಟರೆ ಊತ ಹೆಚ್ಚುತ್ತದೆ. ಗಾಯದ ಮೇಲೆ ಎಣ್ಣೆ, ಪಟ್ಟು, ನಾಟಿ ಲೇಪ ಹಾಕಲೇಬಾರದು. ಮೀನಖಂಡವನ್ನು ಗಟ್ಟಿಯಾಗಿ ತಿಕ್ಕಿಸಿಕೊಳ್ಳುವುದೂ ಬೇಡ. ನೋವಿನ ಮಾತ್ರೆ ನುಂಗಿ ನಡಿಗೆ ಏರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಳಗಿನ ಲೆಕ್ಕವನ್ನೇ ಅದು ಸುಳ್ಳು ಮಾಡುತ್ತದೆ. ಇಂಥ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಕೇಡು.

ಗಾಯದ ಹೊರಮಗ್ಗುಲಲ್ಲಿ ಅಂಗೈಯಗಲ ಜೋಮು ಹಿಡಿದಂತಿರುವುದು, ನಡೆಯುವಾಗ ‘ಟಿಕ್’ ಎಂದು ಸದ್ದು ಬರುವುದು ಬಹಳ ಜನಕ್ಕಿರುತ್ತದೆ. ಇವಕ್ಕೆ ಹೆದರಬೇಕಾಗಿಲ್ಲ.

ಹೊಲದಲ್ಲಿ, ಕೊಟ್ಟಿಗೆಯಲ್ಲಿ

ಕೆಸರು ಗದ್ದೆ ಹೊಸ ಮಂಡಿಗೆ ಶತ್ರು. ಕಾಲು ಹೂತು, ಕಿತ್ತುವಾಗ ಕೀಲು ತಿರುಚುತ್ತದೆ. ಮೊದಲ ವರ್ಷ ನಾಟಿ, ಕಳೆಯ ಕೆಲಸಕ್ಕೆ ಇಳಿಯದಿರುವುದು ಲೇಸು. ತಿರುಗಬೇಕಾದಾಗ ಮಂಡಿ ತಿರುಚದೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಮೈಯನ್ನೇ ತಿರುಗಿಸಬೇಕು. ಹಾಲು ಕರೆಯಲು ಎತ್ತರದ ಮಣೆ ಅಥವಾ ಸ್ಟೂಲು, ಪಾಯಿಖಾನೆಗೆ ಕಮೋಡು ಮಾಡಿಕೊಳ್ಳಬೇಕು. ಮೋಟಾರು ಸೈಕಲ್ಲಿನ ಕಿಕ್ಕರನ್ನು ಆ ಕಾಲಿನಿಂದ ಒದೆಯಬಾರದು. ಟ್ರ್ಯಾಕ್ಟರಿನ ಕ್ಲಚ್ಚಿಗೆ ಎಡಗಾಲು, ಬ್ರೇಕಿಗೆ ಬಲಗಾಲು ಬೇಕಾದ್ದರಿಂದ ಯಾವ ಮಂಡಿಯಾದರೂ ಕನಿಷ್ಠ ಆರು ವಾರ ಕಳೆದು, ಕಾಲಿಗೆ ಒತ್ತುವ ಬಲ ಬಂದು, ಡಾಕ್ಟರು ಒಪ್ಪಿದ ಮೇಲೆಯೇ ಹತ್ತಬೇಕು.

ತೂಕದ ಮಾತು ಇಲ್ಲಿಯೇ ಹೇಳಬೇಕು. ಅಳತೆಯ ಯಂತ್ರವನ್ನೇ ಒಳಗಿಟ್ಟ ಕೃತಕ ಮಂಡಿಗಳಿಂದ ತಿಳಿದುಬಂದಂತೆ, ಮಟ್ಟಸ ನೆಲದಲ್ಲಿ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ದೇಹತೂಕದ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೂರು ಪಟ್ಟು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಅಂದರೆ ಐದು ಕಿಲೋ ತೂಕ ಇಳಿಸಿದರೆ ಹೆಜ್ಜೆಗೆ ಹನ್ನೆರಡು ಕಿಲೋ ಭಾರ ಇಳಿಯುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತರೆ ಲೆಕ್ಕ ತಿರುಗುಮುರುಗು.

ಹರಕೆಯ ನಡಿಗೆ

ನಮ್ಮಲ್ಲಿ ದೂರದ ನಡಿಗೆಯೆಂದರೆ ಹೆಚ್ಚಾಗಿ ದೇವರ ನಡಿಗೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ, ಯುಗಾದಿಗೆ ಉತ್ತರದ ಜಿಲ್ಲೆಗಳಿಂದ ಶ್ರೀಶೈಲಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ ಜನ ಹೊರಡುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ತುಂಬುವ ಮುನ್ನ ಇಂಥ ನಡಿಗೆಗೆ ಹೊರಡಬಾರದೆಂಬುದು ನನ್ನ ಅಭಿಪ್ರಾಯ. ಹೊರಡುವ ಮುನ್ನ ವಾರಕ್ಕೊಂದು ದಿನ ಎಂಟು, ಹತ್ತು ಕಿಲೋಮೀಟರು ನಡೆದು ನೋಡಬೇಕು. ಒಂದು ದಿನದ ಪರೀಕ್ಷೆ ಸಾಲದು. ಎರಡು ದಿನ ಬೆನ್ನುಬೆನ್ನಿಗೆ ನಡೆದು, ಮೂರನೆಯ ಬೆಳಗ್ಗೆ ದಾರದ ಗಂಟು ಏನು ಹೇಳುತ್ತದೆ ಎಂದು ನೋಡಬೇಕು.

ದಾರಿಯ ಗುಣವನ್ನೂ ತಿಳಿದಿರಬೇಕು. ಧರ್ಮಸ್ಥಳಕ್ಕೆ ಹೋಗುವವರಿಗೆ ಕೊಟ್ಟಿಗೆಹಾರ ಕಳೆದ ಮೇಲೆ ಚಾರ್ಮಾಡಿ ಘಾಟಿಯ ಇಳಿಜಾರು ಸಿಗುತ್ತದೆ. ಜನ ಇಳಿಜಾರನ್ನು ಸುಲಭವೆಂದುಕೊಳ್ಳುತ್ತಾರೆ. ಮಂಡಿಗೆ ಅದೇ ಕಷ್ಟ. ಅಷ್ಟು ದೂರ ವಾಹನ ಹತ್ತುವುದು ಜಾಣತನ. ಶ್ರೀಶೈಲದ ನಲ್ಲಮಲ ಕಾಡಿನ ಕಲ್ಲುದಾರಿ, ಭೀಮನಕೊಳ್ಳದ ಇಳಿತ ಹೊಸ ಮಂಡಿಯವರಿಗೆ ಸಲ್ಲದು. ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಏರು, ಬರುವಾಗ ಇಳಿಜಾರು. ಹೋಗುವುದನ್ನು ನಡೆದು, ಬರುವುದನ್ನು ಬಸ್ಸಿನಲ್ಲಿ ಬರಬಹುದು.

ಬರಿಗಾಲಿನ ವಿಷಯ ಕಷ್ಟದ್ದು. ಅಣ್ಣನ ಹರಕೆ ಎಕ್ಕಡ ಮೆಟ್ಟದೆ ನಡೆಯುವುದಾಗಿತ್ತು. ಆದರೆ ಅಂಗಾಲಿಗೆ ಮುಳ್ಳು ಚುಚ್ಚಿ ಕೀವಾದರೆ, ಆ ರೋಗಾಣು ರಕ್ತದಲ್ಲಿ ಸೇರಿ ಕೃತಕ ಕೀಲಿಗೆ ಹೋಗಿ ಕೂರಬಹುದು. ಲೋಹದ ಮೇಲೆ ಕೂತ ರೋಗಾಣುವನ್ನು ಔಷಧಿಯೊಂದರಿಂದಲೇ ಹೊರಡಿಸುವುದು ಬಹಳ ಕಷ್ಟ. ಎಷ್ಟೋ ಸಲ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ಕೀಲನ್ನೇ ತೆಗೆಯಬೇಕಾಗುತ್ತದೆ. ಇದು ಶಸ್ತ್ರಚಿಕಿತ್ಸೆಯಾಗಿ ಐದು ವರ್ಷವಾದ ಮೇಲೂ ಆಗಬಹುದು. ಹಲ್ಲಿನ ಕೀವು, ಉಗುರುಸುತ್ತು, ಹಿಮ್ಮಡಿಯ ಬಿರುಕು ಯಾವುದನ್ನೂ ಅಸಡ್ಡೆ ಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ಮುಳ್ಳು ಚುಚ್ಚಿದ್ದೇ ತಿಳಿಯದಿರುವುದುಂಟು. ಇದನ್ನೆಲ್ಲ ಹೇಳಿದಾಗ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಗುಂಪಿನ ಹಿರಿಯರೊಬ್ಬರನ್ನು ಕೇಳಿದರು. ಅವರು “ದೇವಸ್ಥಾನದ ಬಾಗಿಲ ಮುಂದೆ ಬಿಟ್ರೆ ಸಾಕು ಬಿಡಪ್ಪ, ಮಾದಪ್ಪ ಕಾಲ್ ನೋಡಕಿಲ್ಲ” ಎಂದು ಇತ್ಯರ್ಥ ಮಾಡಿದರು. ಹಿಂದೆ ಪಟ್ಟಿಯಿರುವ ಚಪ್ಪಲಿ ಅಥವಾ ಕ್ಯಾನ್ವಾಸ್ ಬೂಟು ಒಳ್ಳೆಯದು. ಹೊಸದನ್ನು ಹೊರಡುವ ದಿನ ಹಾಕಬಾರದು.

ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ್ದರ ಗುರುತಿರಬಹುದು. ಅದರೊಡನೆ ಅಥವಾ ಅದಿಲ್ಲದೆಯೂ ಎದೆ ನೋವು, ಏದುಸಿರು ಬಂದರೆ ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಗಾಯ ಕೆಂಪಾಗಿ ಕೀವು ಸೋರುವುದು, ಚಳಿಜ್ವರ, ಚೆನ್ನಾಗಿ ನಡೆಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಕಾಲೂರಲಾಗದಿರುವುದು ಇವುಗಳಿಗೂ ಅಂದೇ ಡಾಕ್ಟರನ್ನು ಕಾಣಬೇಕು. ಜ್ವರದ ಮಾತ್ರೆ ನುಂಗಿ ಕಾಯಬಾರದು.

ಮೊದಲ ಶಿವರಾತ್ರಿಗೆ ಅಣ್ಣ ಹೋಗಲಿಲ್ಲ. ಗುಂಪನ್ನು ಊರ ಬಾಗಿಲವರೆಗೆ ಕಳಿಸಿಬಂದು ಅಂದು ಊಟ ಮಾಡಲಿಲ್ಲವೆಂದು ಅತ್ತಿಗೆ ಹೇಳಿದರು. ಎರಡನೆಯ ವರ್ಷ ಹೊರಟರು. ಗುಂಪು ದಿನಕ್ಕೆ ಇಪ್ಪತ್ತೈದು ಕಿಲೋಮೀಟರು ನಡೆದರೆ, ಅವರು ಬೆಳಗಿನ ತಂಪಿನಲ್ಲಿ ಎಂಟೋ ಹತ್ತೋ ಕಿಲೋಮೀಟರು ನಡೆದು, ಉಳಿದದ್ದನ್ನು ಅಕ್ಕಿ, ಪಾತ್ರೆ ಸಾಗಿಸುವ ಟೆಂಪೋದಲ್ಲಿ ಕುಳಿತು ಹೋದರು. ತಾಳಬೆಟ್ಟದಿಂದ ಮೇಲಕ್ಕೆ ಆದಷ್ಟು ದೂರ ನಡೆದರು, ಎಡಗೈಯಲ್ಲಿ ಕೋಲು. ಇಳಿಯುವಾಗ ಬಸ್ಸು. ಊರಿಗೆ ಬಂದ ಮಾರನೆಯ ಬೆಳಗ್ಗೆ ದಾರ ಸುತ್ತಿದಾಗ ಗಂಟಿಗೆ ಅರ್ಧ ಬೆರಳಿನಷ್ಟು ಸಾಲದೆ ಬಂತು. ಮೂರು ದಿನ ಅಂಗಳದಲ್ಲಷ್ಟೇ ಓಡಾಡಿಕೊಂಡಿದ್ದರು. ನಾಲ್ಕನೆಯ ದಿನ ಮುಟ್ಟಿತು.